ಬೋರ್‌ವೆಲ್ ಮೋಟಾರ್ ಗಂಟೆಗೊಮ್ಮೆ ನಿಲ್ಲುತ್ತಿದೆಯಾ? ಓವರ್‌ಲೋಡ್ ರಿಲೇ ಡಯಲ್ ತಿರುಗಿಸುವ ಮೊದಲು ಇಷ್ಟು ನೋಡಿ

ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. ತಿಪಟೂರು ಕಡೆ ತೆಂಗಿನ ತೋಟ ಅವರದು, ಬೋರ್‌ವೆಲ್‌ಗೆ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ಇಳಿಸಿದ್ದಾರೆ. "ಒಂದು ಗಂಟೆ ಚೆನ್ನಾಗಿ ಓಡ್ತದೆ ಕಣೋ, ಆಮೇಲೆ ತಾನೇ ನಿಂತೋಗ್ತದೆ. ಹತ್ತು ನಿಮಿಷ ಬಿಟ್ಟು ಕೆಂಪು ಬಟನ್ ಒತ್ತಿದ್ರೆ ಮತ್ತೆ ಹೊರಡ್ತದೆ. ಊರಿನ ಹುಡುಗ ಬಂದು ನೋಡ್ದ. ರಿಲೇ ವೀಕ್ ಆಗಿದೆ, ಡಯಲ್ 14ಕ್ಕೆ ಇಡೋಣ ಅಂತಾನೆ. ಇಡಿಸ್ಲಾ?"

ಬೇಡ ಚಿಕ್ಕಪ್ಪ, ಭಾನುವಾರ ನಾನೇ ಬರ್ತೀನಿ, ಅಲ್ಲಿವರೆಗೂ ಡಯಲ್ ಮುಟ್ಟಿಸಬೇಡಿ ಅಂದೆ. ಮೋಟಾರ್ ಜಾಸ್ತಿ ಕರೆಂಟು ಎಳೆದರೆ ಅದನ್ನು ನಿಲ್ಲಿಸಲು ಸ್ಟಾರ್ಟರ್ ಒಳಗೆ ಇರುವುದೇ ಓವರ್‌ಲೋಡ್ ರಿಲೇ. ಎಷ್ಟು ಆಂಪ್ಸ್ ದಾಟಿದರೆ ನಿಲ್ಲಿಸಬೇಕು ಅನ್ನುವುದನ್ನು ಅದರ ಡಯಲ್‌ನಲ್ಲಿ ಇಡುತ್ತಾರೆ.

ನಾನು ಪ್ಯಾನೆಲ್ ಬೋರ್ಡ್ ಕೆಲಸ ಮಾಡುವವನು. ಊರ ಕಡೆ ಹೋದಾಗಲೆಲ್ಲ ಯಾರದಾದರೂ ಒಂದು ಮೋಟಾರ್ ಸುಟ್ಟಿರುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ರೀವೈಂಡಿಂಗ್ ಖರ್ಚು ಒಂದು ಕಡೆ. ನೂರಾರು ಅಡಿ ಪೈಪ್ ಎತ್ತಿಸಿ ಮತ್ತೆ ಇಳಿಸುವ ಖರ್ಚು ಇನ್ನೊಂದು ಕಡೆ. ಅಷ್ಟು ದಿನ ನೀರಿಲ್ಲದೆ ಒಣಗುವ ಗಿಡಗಳದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಸ್ಟಾರ್ಟರ್ ಮುಚ್ಚಳ ತೆಗೆದರೆ ರಿಲೇ ಡಯಲ್ ಪೂರ್ತಿ ಕೊನೆಗೆ ತಿರುಗಿಸಿರುತ್ತಾರೆ, ಇಲ್ಲವೇ ರಿಲೇಯನ್ನೇ ಬಿಟ್ಟು ಕಾಂಟ್ಯಾಕ್ಟರ್‌ನಿಂದ (ಮೋಟಾರ್‌ಗೆ ಕರೆಂಟು ಕೊಡುವ, ಕಡಿಯುವ ಸ್ವಿಚ್) ಮೋಟಾರ್‌ಗೆ ನೇರವಾಗಿ ವೈರ್ ಎಳೆದಿರುತ್ತಾರೆ. ರಿಲೇ ಟ್ರಿಪ್ ಆದರೆ, ಅಂದರೆ ಮೋಟಾರ್ ನಿಲ್ಲಿಸಿದರೆ, ಅದು ಏನನ್ನೋ ಹೇಳುತ್ತಿದೆ ಅಂತ ಅರ್ಥ. ಅದರ ಬಾಯಿ ಮುಚ್ಚಿಸುವುದು ರಿಪೇರಿ ಅಲ್ಲ.

ರಿಲೇ ಏನು ಮಾಡುತ್ತದೆ

ಸಾಮಾನ್ಯ ಥರ್ಮಲ್ ರಿಲೇ ಒಳಗೆ ಮೂರು ಬೈಮೆಟಲ್ ಪಟ್ಟಿ (ಎರಡು ಲೋಹ ಸೇರಿಸಿದ ಪಟ್ಟಿ) ಇರುತ್ತವೆ, ಒಂದೊಂದು ಫೇಸಿಗೆ ಒಂದೊಂದು. ಮೋಟಾರ್‌ಗೆ ಹೋಗುವ ಕರೆಂಟು ಪಟ್ಟಿಯನ್ನು ಬಿಸಿ ಮಾಡುತ್ತದೆ, ಪಟ್ಟಿ ಬಾಗುತ್ತದೆ, ಜಾಸ್ತಿ ಬಾಗಿದರೆ 95-96 ಅಂತ ಬರೆದಿರುವ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತದೆ. ಆ 95-96 ಮೂಲಕವೇ ಕಾಂಟ್ಯಾಕ್ಟರ್ ಕಾಯಿಲ್‌ಗೆ ಸಪ್ಲೈ ಹೋಗುವುದು. ಕಾಯಿಲ್‌ಗೆ ಸಪ್ಲೈ ತಪ್ಪಿದರೆ ಕಾಂಟ್ಯಾಕ್ಟರ್ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ. ಅಂದರೆ ಮೋಟಾರ್ ಕರೆಂಟನ್ನು ರಿಲೇ ತಾನೇ ಕಡಿಯುವುದಿಲ್ಲ. ಕಾಂಟ್ಯಾಕ್ಟರ್ ಪಾಯಿಂಟುಗಳು ಅಂಟಿಕೊಂಡಿದ್ದರೆ ರಿಲೇ ಟ್ರಿಪ್ ಆದರೂ ಮೋಟಾರ್ ಓಡುತ್ತಲೇ ಇರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ರಿಲೇ ಮೇಲಿನ ಟೆಸ್ಟ್ ಬಟನ್ ಒತ್ತಿ ಮೋಟಾರ್ ನಿಜವಾಗಿ ನಿಲ್ಲುತ್ತದಾ ಅಂತ ಒಮ್ಮೆ ನೋಡಿ.

ಎಷ್ಟು ಕರೆಂಟಿಗೆ ಎಷ್ಟು ಹೊತ್ತಲ್ಲಿ ಟ್ರಿಪ್ ಆಗಬೇಕು ಅನ್ನುವುದು ಮೋಟಾರ್ ಸ್ಟಾರ್ಟರ್‌ಗಳ ಐಇಸಿ 60947-4-1 ಸ್ಟ್ಯಾಂಡರ್ಡ್‌ನಲ್ಲಿ ಇದೆ. ಡಯಲ್ ಸೆಟ್ಟಿಂಗಿನ 1.05 ಪಟ್ಟು ಹರಿದರೆ 2 ಗಂಟೆಯವರೆಗೂ ಟ್ರಿಪ್ ಆಗಬಾರದು. 1.2 ಪಟ್ಟು ಹರಿದರೆ 2 ಗಂಟೆಯೊಳಗೆ ಆಗಲೇಬೇಕು. ಬಿಸಿಯಾಗಿ ಓಡುತ್ತಿರುವಾಗ 1.5 ಪಟ್ಟಾದರೆ ಕ್ಲಾಸ್ 10 ರಿಲೇ 4 ನಿಮಿಷದೊಳಗೆ ಬಿಡಬೇಕು. ಮೋಟಾರ್ ಜಾಮ್ ಆಗಿ 7.2 ಪಟ್ಟು ಎಳೆದರೆ 4ರಿಂದ 10 ಸೆಕೆಂಡ್. ಕ್ಲಾಸ್ ಸಂಖ್ಯೆ ದೊಡ್ಡದಾದಷ್ಟೂ ಟ್ರಿಪ್ ಆಗುವುದು ತಡ. ಬೋರ್‌ವೆಲ್ ಮೋಟಾರ್‌ಗೆ ಕ್ಲಾಸ್ 10 ಬೇಕು, ಕ್ಲಾಸ್ 20 ಅಥವಾ 30 ಹಾಕಬೇಡಿ. ತೆಳ್ಳಗಿನ ಉದ್ದದ ಮೋಟಾರ್ ಅದು, ಜಾಮ್ ಆದರೆ ಬಹಳ ಬೇಗ ಕಾಯುತ್ತದೆ.

ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಮೊದಲು ಕೇಳಿ

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಬಟನ್ ಒತ್ತಿದ ಹತ್ತು ಸೆಕೆಂಡಿನಲ್ಲೇ ನಿಂತರೆ ಪಂಪ್ ಜಾಮ್ ಆಗಿರಬಹುದು, ಮರಳು ತುಂಬಿರಬಹುದು, ಒಂದು ಫೇಸ್ ಇಲ್ಲದೆ ಬರೀ ಗುಂಯ್ ಅನ್ನುತ್ತಿರಬಹುದು. ಎರಡು-ಮೂರು ನಿಮಿಷದಲ್ಲಿ ನಿಂತರೆ ಓಡುತ್ತಿರುವಾಗ ಒಂದು ಫೇಸ್ ಹೋಗುತ್ತಿದೆಯಾ ನೋಡಿ. ಆಗ ಉಳಿದ ಎರಡು ಫೇಸಿನಲ್ಲಿ ಕರೆಂಟು ಸುಮಾರು 1.73 ಪಟ್ಟಾಗುತ್ತದೆ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ. ಮುಕ್ಕಾಲು ಗಂಟೆ, ಒಂದು ಗಂಟೆ ಓಡಿ ನಿಂತರೆ ಕರೆಂಟು ಸೆಟ್ಟಿಂಗಿಗಿಂತ ಸ್ವಲ್ಪ ಮಾತ್ರ ಜಾಸ್ತಿ ಇದೆ ಅಂತ. ಚಿಕ್ಕಪ್ಪನ ಮೋಟಾರ್ ಈ ಗುಂಪಿನದು.

ಮಧ್ಯಾಹ್ನ ಮಾತ್ರ ನಿಂತು ಬೆಳಗ್ಗೆ, ರಾತ್ರಿ ಸರಿಯಾಗಿ ಓಡಿದರೆ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟಿ ನೋಡಿ. ಬಿಸಿಲಿಗೆ ಬಿಟ್ಟ ತಗಡಿನ ಪೆಟ್ಟಿಗೆ ಒಳಗೆ ಎಷ್ಟು ಕಾಯುತ್ತೆ ಗೊತ್ತಲ್ವಾ? ಹೊರಗಿನ ಬಿಸಿಯನ್ನು ಸರಿದೂಗಿಸಿಕೊಳ್ಳುವ ವ್ಯವಸ್ಥೆ ಇಲ್ಲದ ಹಳೆ ರಿಲೇಗಳು ಆ ಬಿಸಿಗೇ ಬೇಗ ಟ್ರಿಪ್ ಆಗುತ್ತವೆ. ಮೇಲೊಂದು ನೆರಳು ಮಾಡಿದರೆ ಸಾಕಾಗಬಹುದು. ಇನ್ನು ತ್ರೀ ಫೇಸ್ ಬಂದ ತಕ್ಷಣ ನಿಂತು, ಆಮೇಲೆ ಸರಿಯಾಗಿ ಓಡಿದರೆ ತಪ್ಪು ನಿಮ್ಮ ಮೋಟಾರ್‌ದಲ್ಲ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಎಲ್ಲರ ಆಟೋ ಸ್ವಿಚ್ (ಕರೆಂಟು ಬಂದಾಗ ತಾನೇ ಮೋಟಾರ್ ಹೊರಡಿಸುವುದು) ಒಟ್ಟಿಗೆ ಆನ್ ಆಗಿ ವೋಲ್ಟೇಜ್ ಕುಸಿಯುತ್ತದೆ, ಯಾರ ಮೋಟಾರೂ ಬೇಗ ಸ್ಪೀಡಿಗೆ ಬರುವುದಿಲ್ಲ. ಆಟೋ ಸ್ವಿಚ್ಚಿನಲ್ಲಿ ತಡವಾಗಿ ಆನ್ ಮಾಡುವ ಟೈಮರ್ ಇರುತ್ತದೆ. ಅಕ್ಕಪಕ್ಕದವರು ಕೂತು ಮಾತಾಡಿ ಒಬ್ಬರದು 1 ನಿಮಿಷ, ಇನ್ನೊಬ್ಬರದು 2, ಮತ್ತೊಬ್ಬರದು 3 ಅಂತ ಇಟ್ಟುಕೊಂಡರೆ ಎಲ್ಲರ ಮೋಟಾರೂ ಉಳಿಯುತ್ತದೆ.

ಕೈ ಹಾಕುವ ಮೊದಲು

ದಯವಿಟ್ಟು ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಹಳ್ಳಿಯಲ್ಲಿ ಕರೆಂಟು ಯಾವಾಗ ಬೇಕಾದರೂ ಬರುತ್ತದೆ. ಆಟೋ ಸ್ವಿಚ್ ಆನ್ ಇದ್ದರೆ ನಿಮ್ಮ ಕೈ ಒಳಗಿರುವಾಗಲೇ ಮೋಟಾರ್ ಹೊರಡುತ್ತದೆ. ಆಟೋ ಆಫ್ ಮಾಡಿ, ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕೆಪಾಸಿಟರ್ ಇದ್ದರೆ ಕನಿಷ್ಠ 5 ನಿಮಿಷ ಕಾಯಿರಿ, ಮೀಟರ್‌ನಲ್ಲಿ ವೋಲ್ಟೇಜ್ ಇಳಿದಿದೆಯಾ ನೋಡಿ, ಆಮೇಲೆ ಮುಟ್ಟಿ. ಒದ್ದೆ ಕಾಲಲ್ಲಂತೂ ಬೇಡವೇ ಬೇಡ. ಓಡುತ್ತಿರುವಾಗ ಅಳೆಯುವ ಕೆಲಸ ಅಭ್ಯಾಸ ಇರುವವರದ್ದು, ಗೊತ್ತಿಲ್ಲದಿದ್ದರೆ ಎಲೆಕ್ಟ್ರೀಷಿಯನ್ ಕರೆಸಿ, ಪಕ್ಕದಲ್ಲಿ ನಿಂತು ಮೂರೂ ಫೇಸ್ ಅಳೆಸಿ, ಬರೆದುಕೊಳ್ಳಿ.

ಇನ್ನೊಂದು ವಿಷಯ. ರಿಲೇ ಮೇಲೆ ನೀಲಿ ಬಟನ್ ಪಕ್ಕ ಎಚ್ ಮತ್ತು ಎ ಅಂತ ಇದ್ದರೆ ಎಚ್‌ನಲ್ಲಿ ಇಡಿ, ಆಗ ಕೈಯಿಂದಲೇ ರೀಸೆಟ್ ಮಾಡಬೇಕಾಗುತ್ತದೆ. ಎ ಅಂದರೆ ತಣ್ಣಗಾದ ಮೇಲೆ ತಾನೇ ರೀಸೆಟ್ ಆಗುತ್ತದೆ. ಜೊತೆಗೆ ಆಟೋ ಸ್ವಿಚ್ಚೂ ಇದ್ದರೆ ಕೆಟ್ಟ ಮೋಟಾರ್ ರಾತ್ರಿಯಿಡೀ ನಿಲ್ಲುತ್ತಾ ಹೊರಡುತ್ತಾ ಇರುತ್ತದೆ, ಬೆಳಗ್ಗೆ ಹೋಗಿ ನೋಡುವಷ್ಟರಲ್ಲಿ ವೈಂಡಿಂಗ್ ಹೋಗಿರುತ್ತದೆ.

ಮೂರೂ ಫೇಸ್ ಅಳೆಯಿರಿ, ಒಂದಲ್ಲ

ಸ್ಟಾರ್ಟರ್ ಮೇಲಿನ ಆಂಪಿಯರ್ ಮೀಟರ್ ಬಹಳ ಕಡೆ ಒಂದೇ ಫೇಸಿಗೆ ಇರುತ್ತದೆ. ಅದನ್ನು ನಂಬಿ ಕೂರಬೇಡಿ, ಟಾಂಗ್ ಟೆಸ್ಟರ್ (ವೈರ್ ಕಡಿಯದೆ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) ಬೇಕು. ಒಂದು ಸಲಕ್ಕೆ ಒಂದೇ ವೈರ್ ಸುತ್ತ ಹಾಕಿ. ಮೂರು ವೈರ್ ಒಟ್ಟಿಗೆ ಹಿಡಿದರೆ ಹತ್ತಿರ ಹತ್ತಿರ ಸೊನ್ನೆ ತೋರಿಸುತ್ತದೆ, ತೋರಿಸಬೇಕು. ಅಲ್ಲಿ ಸೊನ್ನೆ ಬದಲು ಅರ್ಧ ಆಂಪ್, ಒಂದು ಆಂಪ್ ಬಂದರೆ ಎಲ್ಲೋ ನೆಲಕ್ಕೆ ಲೀಕ್ ಆಗುತ್ತಿದೆ, ಮೋಟಾರ್ ನಿಲ್ಲಿಸಿ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ. ಎರಡು ವೈರ್ ಒಟ್ಟಿಗೆ ಹಿಡಿದರೆ ಇನ್ನೊಂದು ತಮಾಷೆ ನಡೆಯುತ್ತದೆ: ಮೂರನೇ ಫೇಸಿನ ಕರೆಂಟೇ ಬರುತ್ತದೆ, ನೋಡಲು ಸರಿಯಾದ ರೀಡಿಂಗ್ ತರಹವೇ ಕಾಣುತ್ತದೆ. ಮೋಸ ಹೋಗಬೇಡಿ.

ಚಿಕ್ಕಪ್ಪನ ತೋಟದಲ್ಲಿ ರಿಲೇ ಹತ್ತಿರ ಬಂದದ್ದು 12.2, 12.4, 12.1. ವೋಲ್ಟೇಜ್ 398, 402, 400. ಮೋಟಾರ್ ನೇಮ್‌ಪ್ಲೇಟ್‌ನಲ್ಲಿ ಬರೆದಿರುವ ಪೂರ್ತಿ ಲೋಡಿನ ಕರೆಂಟು 12.5 ಆಂಪ್ಸ್. ಡಯಲ್ ಇದ್ದದ್ದು 11ರಲ್ಲಿ.

ಈಗ ನೋಡಿ, ಇದು ವಿಚಿತ್ರ. ಮೋಟಾರ್‌ಗೆ ಓವರ್‌ಲೋಡ್ ಇಲ್ಲ, 12.5ಕ್ಕಿಂತ ಒಳಗೇ ಇದೆ. ರಿಲೇಯದ್ದೂ ತಪ್ಪಿಲ್ಲ, ಸೆಟ್ಟಿಂಗಿಗಿಂತ 11% ಜಾಸ್ತಿ ಹರಿದರೆ ಅದು ಒಂದು ಗಂಟೆಗೆ ಬಿಡುವುದು ಸಹಜ. ಹಾಗಾದರೆ ಡಯಲ್ ತಪ್ಪಾಗಿದೆ, 12.5ಕ್ಕೆ ಇಟ್ಟರೆ ಮುಗಿಯಿತು ಅಂತ ಯಾರಾದರೂ ಹೇಳುತ್ತಾರೆ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ಇದೇ 11ರ ಸೆಟ್ಟಿಂಗಿನಲ್ಲಿ ಇದೇ ಮೋಟಾರ್ ಮೂರು ವರ್ಷ ತಕರಾರಿಲ್ಲದೆ ಓಡಿದೆ. ಆಗ ಯಾಕೆ ಟ್ರಿಪ್ ಆಗಲಿಲ್ಲ? ಈ ಪ್ರಶ್ನೆಗೆ ಉತ್ತರ ಸಿಗದೆ ಡಯಲ್ ಮುಟ್ಟುವುದು ನನಗೆ ಇಷ್ಟವಿರಲಿಲ್ಲ.

ಉತ್ತರಕ್ಕೆ ಬರುವ ಮೊದಲು, ನಿಮ್ಮಲ್ಲಿ ಮೂರು ಫೇಸಿನ ಕರೆಂಟು ಹೀಗೆ ಹತ್ತಿರ ಇಲ್ಲದಿದ್ದರೆ ಏನು ಮಾಡಬೇಕು ಹೇಳುತ್ತೇನೆ. ಉದಾಹರಣೆಗೆ 10.0, 10.4, 12.6 ಬಂತು ಅನ್ನಿ. ಸರಾಸರಿ 11. ಅತಿ ದೂರದ್ದು 12.6, ವ್ಯತ್ಯಾಸ 1.6. 1.6ನ್ನು 11ರಿಂದ ಭಾಗಿಸಿದರೆ 14.5% ಏರುಪೇರು. ಸಬ್‌ಮರ್ಸಿಬಲ್‌ಗೆ ಇದು 5% ಒಳಗಿರಬೇಕು. ಜಾಸ್ತಿ ಇದ್ದರೆ ದೋಷ ಸಪ್ಲೈನಲ್ಲಿದೆಯಾ, ಮೋಟಾರ್‌ನಲ್ಲಿದೆಯಾ ಅಂತ ಕಂಡುಹಿಡಿಯಲು ಒಂದು ಒಳ್ಳೆ ಉಪಾಯ ಇದೆ. ಮೇನ್ ಆಫ್ ಮಾಡಿ, ಮೋಟಾರ್‌ಗೆ ಹೋಗುವ ಮೂರೂ ವೈರುಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ. ಮೊದಲನೆಯದು ಎರಡನೇ ಜಾಗಕ್ಕೆ, ಎರಡನೆಯದು ಮೂರನೇ ಜಾಗಕ್ಕೆ, ಮೂರನೆಯದು ಮೊದಲನೇ ಜಾಗಕ್ಕೆ. ಮೂರನ್ನೂ ಸರಿಸುವುದರಿಂದ ಮೋಟಾರ್ ತಿರುಗುವ ದಿಕ್ಕು ಬದಲಾಗುವುದಿಲ್ಲ. ಮತ್ತೆ ಓಡಿಸಿ ಅಳೆಯಿರಿ. ಜಾಸ್ತಿ ಕರೆಂಟು ಅದೇ ಸಪ್ಲೈ ಫೇಸಿನಲ್ಲೇ ಉಳಿದರೆ ತೊಂದರೆ ಲೈನಿನ ಕಡೆ ಇದೆ: ವೋಲ್ಟೇಜ್ ಏರುಪೇರು, ಸಡಿಲವಾದ ಫ್ಯೂಸ್, ಸುಟ್ಟ ಕಾಂಟ್ಯಾಕ್ಟ್. ಅದು ಮೋಟಾರ್ ವೈರಿನ ಜೊತೆಗೇ ಸರಿದರೆ ತೊಂದರೆ ಕೇಬಲ್, ಜಾಯಿಂಟ್ ಅಥವಾ ವೈಂಡಿಂಗ್‌ನಲ್ಲಿದೆ. ಪೈಪ್ ಎತ್ತಿಸುವ ಮೊದಲು ಈ ಹದಿನೈದು ನಿಮಿಷದ ಕೆಲಸ ಮಾಡಲೇಬೇಕು. ಮಾಡದೆ ಎತ್ತಿಸಿ, ಒಳ್ಳೆ ಮೋಟಾರ್ ನೋಡಿ ಮತ್ತೆ ಇಳಿಸಿದವರು ಎಷ್ಟೋ ಜನ ಇದ್ದಾರೆ.

ವೋಲ್ಟೇಜಿನ ಸಣ್ಣ ಏರುಪೇರನ್ನು ಹಗುರವಾಗಿ ತಗೋಬೇಡಿ. ವೋಲ್ಟೇಜ್ 1% ಏರುಪೇರಾದರೆ ಕರೆಂಟಿನ ಏರುಪೇರು ಅದರ 6ರಿಂದ 10 ಪಟ್ಟು ಆಗುತ್ತದೆ. ವೋಲ್ಟೇಜ್ 3.5% ಏರುಪೇರಿದ್ದರೆ ಮೋಟಾರ್ ಸುಮಾರು 25% ಜಾಸ್ತಿ ಬಿಸಿಯಾಗುತ್ತದೆ. ವೈಂಡಿಂಗ್ 10 ಡಿಗ್ರಿ ಜಾಸ್ತಿ ಕಾದರೆ ಅದರ ಇನ್ಸುಲೇಷನ್ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ.

ಮೂರೂ ಫೇಸಿನಲ್ಲಿ ಸಮನಾಗಿ ಜಾಸ್ತಿ ಇದ್ದು, ನೇಮ್‌ಪ್ಲೇಟ್ ದಾಟಿದ್ದರೆ ನಿಜವಾದ ಓವರ್‌ಲೋಡ್. ವೋಲ್ಟೇಜ್ ಕಡಿಮೆ ಇದೆಯಾ ನೋಡಿ. ಒಂದು ಬಿಂದಿಗೆ ನೀರು ಹಿಡಿದು ಸ್ವಲ್ಪ ಹೊತ್ತು ಬಿಡಿ, ತಳದಲ್ಲಿ ಮರಳು ಕೂತರೆ ಕಾರಣ ಸಿಕ್ಕಿತು. ಪೈಪ್ ಎಲ್ಲಾದರೂ ಒಡೆದಿದೆಯಾ ನೋಡಿ. ಪೈಪ್ ಒಡೆದರೆ ಪಂಪಿಗೆ ಹಗುರ ಆಗುತ್ತೆ ಅಂತ ಸುಮಾರು ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ಎತ್ತರಕ್ಕೆ ತಳ್ಳುವುದು ತಪ್ಪಿದಾಗ ಪಂಪ್ ಜಾಸ್ತಿ ನೀರು ಎತ್ತುತ್ತದೆ, ಜಾಸ್ತಿ ಕರೆಂಟು ಎಳೆಯುತ್ತದೆ.

ರಿಲೇ ಟರ್ಮಿನಲ್ ಸ್ಕ್ರೂಗಳನ್ನೂ ನೋಡಿ. ಸಡಿಲ ಇದ್ದರೆ ಅಲ್ಲೇ ಬಿಸಿ ಹುಟ್ಟಿ ಪಕ್ಕದ ಬೈಮೆಟಲ್ ಕಾಯುತ್ತದೆ, ಕರೆಂಟು ಸರಿಯಿದ್ದರೂ ಟ್ರಿಪ್ ಆಗುತ್ತದೆ. ವೈರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇ ಗುರುತು. ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟಾರನ್ನು ಕಡಿಮೆ ಕರೆಂಟಿನಲ್ಲಿ ಹೊರಡಿಸುವುದು) ಆದರೆ ರಿಲೇ ಎಲ್ಲಿ ಕೂತಿದೆ ಗಮನಿಸಿ. ವೈಂಡಿಂಗ್‌ಗೆ ಹೋಗುವ ದಾರಿಯಲ್ಲಿದ್ದರೆ ಸೆಟ್ಟಿಂಗ್ ನೇಮ್‌ಪ್ಲೇಟ್ ಕರೆಂಟಿನ 0.58 ಪಟ್ಟು ಮಾತ್ರ. ಅಲ್ಲಿ ಪೂರ್ತಿ ಕರೆಂಟಿಗೆ ಇಟ್ಟರೆ ರಕ್ಷಣೆಯೇ ಇಲ್ಲ.

ಡಿಜಿಟಲ್ ರಿಲೇ ಇದ್ದರೆ

ಈಗಿನ ಪ್ಯಾನೆಲ್‌ಗಳಲ್ಲಿ ಕರೆಂಟು ತೋರಿಸುವ ಡಿಜಿಟಲ್ ರಿಲೇ ಬರುತ್ತಿವೆ. ವೈರ್ ಅದರ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ಕರೆಂಟು ಅಳೆಯುವ ಭಾಗ) ತೂತಿನ ಮೂಲಕ ಹೋಗುತ್ತದೆ. ಇವು ಚೆನ್ನಾಗಿವೆ, ಯಾಕೆ ಟ್ರಿಪ್ ಆಯಿತು ಅಂತ ಹೇಳುತ್ತವೆ. ಮೊದಲು ಅದನ್ನು ಓದಿ. ಎಷ್ಟೋ ಸಲ ಓವರ್‌ಲೋಡ್ ಅಂತ ಫೋನ್ ಬರುತ್ತದೆ, ಹೋಗಿ ನೋಡಿದರೆ ಡ್ರೈ ರನ್ ಲೈಟ್ ಉರಿಯುತ್ತಿರುತ್ತದೆ. ಬೋರ್‌ನಲ್ಲಿ ನೀರು ಕಡಿಮೆಯಾಗಿ ಕರೆಂಟು ಇಳಿದಿರುತ್ತದೆ, ಏರಿರುವುದಿಲ್ಲ. ಡ್ರೈ ರನ್ ಸೆಟ್ಟಿಂಗನ್ನು ನೀರು ತುಂಬಿ ಬರುವಾಗ ಅಳೆದ ಕರೆಂಟಿನ ಮೇಲೆ ಇಡಬೇಕು, ಅದರ 70-75% ಸುತ್ತ ಇಟ್ಟು ನೋಡಿ. ನೇಮ್‌ಪ್ಲೇಟ್ ಮೇಲೆ ಲೆಕ್ಕ ಹಾಕಬೇಡಿ. ಡಿಸ್‌ಪ್ಲೇ ಟಾಂಗ್ ಟೆಸ್ಟರಿನ ಸರಿಯಾಗಿ ಎರಡು ಪಟ್ಟು ತೋರಿಸಿದರೆ ವೈರನ್ನು ತೂತಿನೊಳಗೆ ಎರಡು ಸುತ್ತು ಹಾಕಿದ್ದಾರೆ ಅಂತ. ಚಿಕ್ಕ ಮೋಟಾರ್‌ಗೆ ಬೇಕಂತಲೇ ಹಾಗೆ ಮಾಡುವುದುಂಟು, ಆಮೇಲೆ ಮೋಟಾರ್ ಬದಲಾಯಿಸಿದವರು ಮರೆತುಬಿಡುತ್ತಾರೆ.

ಚಿಕ್ಕಪ್ಪನ ಮೋಟಾರ್‌ಗೆ ಆಗಿದ್ದೇನು

ಸುಳಿವು ಸಿಕ್ಕಿದ್ದು ಸ್ಟಾರ್ಟರ್ ಮುಚ್ಚಳದ ಒಳಗೆ. ಮೋಟಾರ್ ಇಳಿಸಿದ ದಿನ ಯಾರೋ ಪುಣ್ಯಾತ್ಮರು ಸ್ಕೆಚ್ ಪೆನ್ನಿನಲ್ಲಿ "10.4 ಆಂ" ಅಂತ ಬರೆದಿದ್ದರು. ಅದನ್ನು ಓದಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಂದರೆ ಆಗ ರಿಲೇ ನೋಡುತ್ತಿದ್ದದ್ದು 10.4, ಈಗ 12.2. ಸುಮಾರು 1.8 ಆಂಪ್ಸ್ ಹೊಸದಾಗಿ ಎಲ್ಲಿಂದ ಬಂತು? ನೀರು ಮೊದಲಿನಷ್ಟೇ ಬರುತ್ತಿದೆ, ಮರಳಿಲ್ಲ, ವೋಲ್ಟೇಜ್ ಸರಿಯಿದೆ.

ಪೆಟ್ಟಿಗೆ ಪಕ್ಕದ ಕೆಪಾಸಿಟರ್ ಕಡೆ ನೋಡಿದೆ. 3 ಕೆವಿಎಆರ್‌ನದು (ಕೆಪಾಸಿಟರ್ ಸಾಮರ್ಥ್ಯದ ಅಳತೆ ಅದು). ಅದರ ವೈರುಗಳು ರಿಲೇ ಆದ ಮೇಲೆ, ಮೋಟಾರ್ ಟರ್ಮಿನಲ್‌ಗೇ ಸೇರಿದ್ದವು. ಟಾಂಗ್ ಟೆಸ್ಟರ್ ಹಾಕಿದೆ. 415 ವೋಲ್ಟಿಗೆ ಅದು ಒಂದೊಂದು ಫೇಸಿನಲ್ಲಿ ಸುಮಾರು 4.2 ಆಂಪ್ಸ್ ಎಳೆಯಬೇಕು. ಮೂರರಲ್ಲೂ ಸೊನ್ನೆ! ಕೆಪಾಸಿಟರ್ ಸತ್ತುಹೋಗಿತ್ತು, ಡಬ್ಬದ ತಲೆ ಉಬ್ಬಿತ್ತು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಮೋಟಾರ್ ಎಳೆಯುವ 12.2 ಆಂಪ್ಸ್‌ನಲ್ಲಿ ಎರಡು ಭಾಗ ಇವೆ. ನೀರೆತ್ತುವ ಭಾಗ ಸುಮಾರು 10, ಮೋಟಾರ್ ಒಳಗಿನ ಅಯಸ್ಕಾಂತಕ್ಕೆ ಬೇಕಾದ ಭಾಗ ಸುಮಾರು 7. ಇವೆರಡನ್ನು ಸುಮ್ನೆ ಕೂಡಿಸುವ ಹಾಗಿಲ್ಲ, ಚೌಕದ ಲೆಕ್ಕದಲ್ಲಿ ಕೂಡಿಸಬೇಕು: 100 ಮತ್ತು 49 ಸೇರಿ 149, ಅದರ ವರ್ಗಮೂಲ 12.2. ಕೆಪಾಸಿಟರ್ ಇದ್ದಾಗ ಆ 7ರಲ್ಲಿ 4.2ನ್ನು ಅದೇ ಕೊಡುತ್ತದೆ, ಮೇಲಿನಿಂದ ಬರಬೇಕಾದ್ದು 2.8 ಮಾತ್ರ. 100 ಮತ್ತು 7.84 ಸೇರಿ 107.84, ವರ್ಗಮೂಲ 10.4. ಮುಚ್ಚಳದ ಮೇಲೆ ಬರೆದಿದ್ದ ಅದೇ ಅಂಕಿ. ಮೋಟಾರ್ ಆಗಲೂ 12.2 ಎಳೆಯುತ್ತಿತ್ತು, ಈಗಲೂ 12.2 ಎಳೆಯುತ್ತಿದೆ. ರಿಲೇ ಮೂಲಕ ಹಾದುಹೋಗುವ ಕರೆಂಟು ಮಾತ್ರ ಬದಲಾಗಿತ್ತು. ಡಯಲ್ 11ಕ್ಕೆ ಇಟ್ಟವರು ತಿಳಿದೇ ಸರಿಯಾಗಿ ಇಟ್ಟಿದ್ದರು.

ಹುಡುಗ ಹೇಳಿದ ಹಾಗೆ 14ಕ್ಕೆ ಇಟ್ಟಿದ್ದರೆ ಏನಾಗುತ್ತಿತ್ತು? ಟ್ರಿಪ್ ನಿಲ್ಲುತ್ತಿತ್ತು. ಮುಂದೆ ಎಂದಾದರೂ ಕೆಪಾಸಿಟರ್ ಹೊಸದು ಹಾಕಿದಾಗ ಡಯಲ್ ಹಾಗೇ 14ರಲ್ಲಿ ಉಳಿದಿರುತ್ತಿತ್ತು. ಆಗ ಮೋಟಾರ್ 15-16 ಆಂಪ್ಸ್ ಎಳೆದು ಕಾದು ಬೆಂದರೂ ರಿಲೇಗೆ ಕಾಣುವುದು 14ರ ಆಸುಪಾಸು, ಅದು ಕದಲುವುದೇ ಇಲ್ಲ.

ಕೆಪಾಸಿಟರ್ ಯಾವಾಗಲೂ ಪೂರ್ತಿ ಸಾಯುವುದಿಲ್ಲ. ಒಳಗಿನ ಮೂರರಲ್ಲಿ ಒಂದು ಭಾಗ ಮಾತ್ರ ಹೋದರೆ ಇದೇ 3 ಕೆವಿಎಆರ್‌ನದು 2.4, 2.4, 4.2 ಅಂತ ತೋರಿಸುತ್ತದೆ. ಆಗ ರಿಲೇ ಮೇಲೆ ಅಳೆದರೆ ಮೂರು ಫೇಸ್ ಏರುಪೇರು, ಬೋರ್‌ಗೆ ಇಳಿಯುವ ಕೇಬಲ್ ಮೇಲೆ ಅಳೆದರೆ ಸಮ. ರಿಲೇ ಹತ್ತಿರದ ಅಂಕಿ ಮಾತ್ರ ನೋಡಿ ವೈಂಡಿಂಗ್ ಹೋಗಿದೆ ಅಂತ ತೀರ್ಮಾನಿಸಿದರೆ ಪೈಪ್ ಎತ್ತಿಸಿ ಕೂರಬೇಕಾಗುತ್ತದೆ. ಅದಕ್ಕೇ ಕೆಪಾಸಿಟರ್ ಇರುವ ಕಡೆ ಎರಡೂ ಜಾಗದಲ್ಲಿ ಅಳೆಯಿರಿ.

ಹೊಸ ಕೆಪಾಸಿಟರ್ ತಂದೆವು. ಈ ಸಲ ಅದರ ವೈರುಗಳನ್ನು ರಿಲೇ ಕೆಳಗೆ ಕೊಡದೆ, ಕಾಂಟ್ಯಾಕ್ಟರ್ ಮತ್ತು ರಿಲೇ ನಡುವೆ ಕೊಟ್ಟೆ. ಮೋಟಾರ್ ಜೊತೆಗೇ ಆನ್ ಆಫ್ ಆಗುತ್ತದೆ, ಆದರೆ ರಿಲೇ ಮೂಲಕ ಹೋಗುವುದು ಮೋಟಾರ್‌ನ ಪೂರ್ತಿ ಕರೆಂಟು. ಈಗ ಡಯಲ್ ನೇಮ್‌ಪ್ಲೇಟ್‌ನ 12.5ಕ್ಕೆ ಇಡಬಹುದು, ಕೆಪಾಸಿಟರ್ ಇದ್ದರೂ ಸತ್ತರೂ ಅದು ಸರಿಯಾಗಿಯೇ ಇರುತ್ತದೆ. ಆ ದಿನ ತ್ರೀ ಫೇಸ್ ಇರುವಷ್ಟು ಹೊತ್ತೂ ಓಡಿಸಿ ಕಾದೆವು, ನಿಲ್ಲಲಿಲ್ಲ. ಚಿಕ್ಕಪ್ಪ ತೊಟ್ಟಿ ತುಂಬುವುದನ್ನೇ ನೋಡುತ್ತಾ ಕೂತಿದ್ದರು.

ಹೊರಡುವ ಮೊದಲು ಹಳೆಯ 10.4ರ ಕೆಳಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದೆ: ತಾರೀಖು, ವೋಲ್ಟೇಜ್ 400, ಮೇಲಿನಿಂದ ಬರುವ ಲೈನಿನಲ್ಲಿ 10.4, ಮೋಟಾರ್‌ಗೆ 12.2, ಕೆಪಾಸಿಟರ್‌ಗೆ 4.2, ಡಯಲ್ 12.5. "ಇನ್ಮೇಲೆ ಯಾರು ಬಂದ್ರೂ ಮೊದಲು ಇದನ್ನ ತೋರ್ಸಿ ಚಿಕ್ಕಪ್ಪ" ಅಂದೆ. ಅವರು ಮುಚ್ಚಳ ಹಾಕುವ ಮೊದಲು ಫೋನ್ ತೆಗೆದು ಅದರ ಫೋಟೋ ಹಿಡಿದುಕೊಂಡರು.